‘ಅ’ ಬುಟ್ಟಿಗೆ ಬಿದ್ದ ಹಸು

ಜುಲೈ ತಿಂಗಳ ಒಂದು ಬೆಳಗ್ಗೆ. ಹಾಜರಿ ಮುಗಿಸಿ ಮಕ್ಕಳನ್ನು ಚಾಪೆಯ ಮೇಲೆ ದುಂಡಗೆ ಕೂರಿಸಿದ್ದೆ. ನಡುವೆ ಎರಡು ಬಿದಿರು ಬುಟ್ಟಿ, ಪಕ್ಕದಲ್ಲಿ ಒಂದಷ್ಟು ಸಾಮಾನು: ಅಕ್ಕಿ ಕಟ್ಟಿದ ಸಣ್ಣ ಗಂಟು, ಅಳಿಲಿನ ಚಿತ್ರ, ಒಂದು ಸರ, ಸಕ್ಕರೆ ಪೊಟ್ಟಣ, ಲೋಟ, ಪ್ಲಾಸ್ಟಿಕ್ಕಿನ ಹಸು. ‘ಅ’ ಎಂದು ಶುರುವಾಗುವುದು ಒಂದು ಬುಟ್ಟಿಗೆ, ‘ಸ’ ಎಂದು ಶುರುವಾಗುವುದು ಇನ್ನೊಂದಕ್ಕೆ, ಎರಡೂ ಅಲ್ಲದ್ದು ಚಾಪೆಯ ಮೇಲೇ ಇರಲಿ. ಆಟ ಇಷ್ಟೇ.

ನಾಲೆಯ ಆಚೆ ದಡದ ಮನೆಯ ಹುಡುಗ, ನಾಲ್ಕೂವರೆ ವರ್ಷದವನು, ಎದ್ದು ಬಂದು ಹಸುವನ್ನು ಕೈಗೆತ್ತಿಕೊಂಡ. ಅದರ ಕೊಂಬು ಸವರಿದ. ಬಾಯೊಳಗೇ ಏನೋ ಅಂದುಕೊಂಡ. ಆಮೇಲೆ ‘ಅ’ ಬುಟ್ಟಿಗೆ ಹಾಕಿದ.

“ಅಲ್ಲ ಪುಟ್ಟ, ಇನ್ನೊಂದ್ ಸಲ ನೋಡು” ಅಂದೆ. ತೆಗೆದ, ನೋಡಿದ, ಮತ್ತೆ ಅದೇ ಬುಟ್ಟಿಗೆ ಹಾಕಿದ, ಈ ಸಲ ಸ್ವಲ್ಪ ಜೋರಾಗಿಯೇ. ನಾನು ಹಸುವನ್ನು ಎತ್ತಿ ಚಾಪೆಯ ಮೇಲಿಟ್ಟೆ. ಹಿಂದೆ ಕೂತಿದ್ದ ಇಬ್ಬರು ನಕ್ಕರು. ಹೋಗಿ ಗೋಡೆಗೆ ಒರಗಿ ಕೂತ ಹುಡುಗ ಊಟದ ಬೆಲ್ ಹೊಡೆಯುವವರೆಗೂ ಬಾಯಿ ಬಿಡಲಿಲ್ಲ.

ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ಆಯಮ್ಮ ಆಗ ಏನೂ ಹೇಳಲಿಲ್ಲ. ಮಕ್ಕಳು ಕೈ ತೊಳೆಯಲು ಹೋದ ಮೇಲೆ ಹತ್ತಿರ ಬಂದರು. “ಮಿಸ್ಸೋರೆ, ಆ ಮಗ ಮಾಡಿದ್ರಲ್ಲಿ ಏನ್ ತಪ್ಪದೆ? ಅಸ ಅಲ್ವಾ ಅದು?”

ಹೌದಲ್ಲ. ಅವನ ಮನೆಯಲ್ಲಿ ಅದು ಅಸ. ಕರೆಯುವುದು ಆಲು. ಅಮ್ಮ ಮುಡಿಯುವುದು ಊವ. ‘ಅಸ’ ಎಂಬ ಮಾತು ಯಾವ ಸದ್ದಿನಿಂದ ಶುರುವಾಗುತ್ತದೆ ಎಂದು ಆ ಹುಡುಗ ಬಾಯೊಳಗೇ ಹೇಳಿಕೊಂಡು, ಕಿವಿಗೊಟ್ಟು, ಸರಿಯಾಗಿ ಗುರುತಿಸಿದ್ದ. ನಾನು ಕಲಿಸಲು ಹೊರಟಿದ್ದೂ ಅದನ್ನೇ, ಒಂದು ಮಾತಿನ ಮೊದಲ ಸದ್ದನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದನ್ನು. ಓದು ಕಲಿಯಲು ಅದಕ್ಕಿಂತ ಮುಖ್ಯವಾದ ಮೊದಲ ಮೆಟ್ಟಿಲು ಇಲ್ಲ. ಇಡೀ ತರಗತಿಯಲ್ಲಿ ಅವತ್ತು ಆ ಮೆಟ್ಟಿಲು ಹತ್ತಿದವನನ್ನೇ ನಾನು ಕೆಳಗಿಳಿಸಿದ್ದೆ.

ನಾನು ಮೈಸೂರಿನ ಅಗ್ರಹಾರದ ಕಡೆ ಹುಟ್ಟಿ ಬೆಳೆದವಳು. ಮದುವೆಯಾಗಿ ಮಂಡ್ಯಕ್ಕೆ ಬಂದೆ. ಪಟ್ಟಣದ ಒಂದು ಖಾಸಗಿ ನರ್ಸರಿಯಲ್ಲಿ ಆರು ವರ್ಷ ದುಡಿದು, ಈಗ ಹಳ್ಳಿಯ ಸರ್ಕಾರಿ ಶಾಲೆಯೊಂದರಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ಅತಿಥಿ ಶಿಕ್ಷಕಿ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಮನೆಮಾತು ಅಂದರೆ ಕನ್ನಡ ಎಂದು ಓದಿಕೊಂಡಿದ್ದೆ. ಈ ಹುಡುಗನ ಮನೆಯ ಮಾತು ಎಂದು ಓದಿಕೊಂಡಿರಲಿಲ್ಲ.

ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ‘ಪೂ’ ‘ಹೂ’ ಆಯಿತು, ‘ಪುಲಿ’ ‘ಹುಲಿ’ ಆಯಿತು. ಮಂಡ್ಯದ ಸೀಮೆಯಲ್ಲಿ ಅದೇ ನಡಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವೂ ಉದುರಿತು, ಅಷ್ಟೇ. ಪ ಬಿಟ್ಟವರು ಹ ಬಿಟ್ಟವರನ್ನು ತಿದ್ದುತ್ತ ಬಂದಿದ್ದೇವೆ. ಅಕ್ಕಿಗೂ ಹಕ್ಕಿಗೂ ವ್ಯತ್ಯಾಸ ಗೊತ್ತಿಲ್ಲದವರು ಎಂದು ಈ ಕಡೆಯವರನ್ನು ಆಡಿಕೊಂಡು ನಗುವ ಚಾಳಿ ಕನ್ನಡಿಗರಲ್ಲಿ ಇಂದಿಗೂ ಇದೆ. ದೊಡ್ಡವರು ಅದನ್ನು ತಡೆದುಕೊಳ್ಳುತ್ತಾರೆ. ನಾಲ್ಕು ವರ್ಷದ ಮಗು ಮಾತಾಡುವುದನ್ನೇ ನಿಲ್ಲಿಸುತ್ತದೆ.

ತಿದ್ದಿದರೆ ಏನಾಗುತ್ತದೆ ಎನ್ನುವುದನ್ನು ಅದಕ್ಕಿಂತ ಮುಂಚೆಯೂ ಕಂಡಿದ್ದೆ, ಅರ್ಥವಾಗಿರಲಿಲ್ಲ. ಹಿಂದಿನ ವರ್ಷ ಒಬ್ಬಳು ಹುಡುಗಿಗೆ “ಆಲು ಅಲ್ಲ, ಹಾಲು” ಎಂದು ದಿನಾ ಹೇಳಿಸುತ್ತಿದ್ದೆ. ಎರಡು ವಾರ ಕಳೆದ ಮೇಲೆ ಅವಳು ‘ಹಾಲು’ ಅಂದಳು. ಜೊತೆಗೆ ‘ಹಾನೆ’ ಅಂದಳು, ‘ಹಂಗಡಿ’ ಅಂದಳು, ‘ನಮ್ ಹಜ್ಜಿ’ ಅಂದಳು. ಮಿಸ್ಸಿಗೆ ಹ ಇಷ್ಟ, ಎಲ್ಲದಕ್ಕೂ ಹಚ್ಚಿಬಿಡೋಣ ಎಂದುಕೊಂಡಿತ್ತು ಮಗು. ನಾನು ಕೊಟ್ಟದ್ದು ಸದ್ದಿನ ತಿಳಿವಳಿಕೆಯಲ್ಲ, ತನ್ನ ಬಾಯಿಂದ ಬರುವುದರಲ್ಲಿ ಏನೋ ಕೊರತೆ ಇದೆ ಎನ್ನುವ ಅಂಜಿಕೆ.

ಹಸುವಿನ ದಿನ ಮಧ್ಯಾಹ್ನ ಮಕ್ಕಳು ಮಲಗೆದ್ದ ಮೇಲೆ ಬುಟ್ಟಿಗಳನ್ನು ಮತ್ತೆ ಹರಡಿದೆ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಿಮ್ಮನೇಲಿ ಇದನ್ನ ಏನಂತೀರಿ?” ಅಂದೆ. “ಅಸ.” “ಹಾಗಿದ್ರೆ ನೀನು ಹಾಕಿದ್ದೇ ಸರಿ. ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ” ಎಂದು ಎಲ್ಲರ ಎದುರೂ ಹೇಳಿದೆ. ಅವನು ಹಸುವನ್ನು ತಾನೇ ಎತ್ತಿ ‘ಅ’ ಬುಟ್ಟಿಗೆ ಹಾಕಿದ. ಮೈಸೂರಿನ ನಮ್ಮ ಮನೆಯಲ್ಲಿ ಇದನ್ನೇ ಹಸು ಅಂತೀವಿ, ಪುಸ್ತಕದಲ್ಲೂ ಹಾಗೇ ಬರೆದಿರ್ತಾರೆ ಎಂದು ಮಾರನೆಯ ದಿನ ಹೇಳಿದೆ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ‘ಅ’ ಅನ್ನಿ, ಆಮೇಲೆ ‘ಹ’ ಅನ್ನಿ. ‘ಹ’ ಅಂದಾಗ ಅಂಗೈಗೆ ಬಿಸಿ ಗಾಳಿ ತಾಗುತ್ತದೆ. ಇಪ್ಪತ್ತಮೂರು ಮಕ್ಕಳು ಹತ್ತು ನಿಮಿಷ ತಮ್ಮ ಕೈಗೆ, ಪಕ್ಕದವರ ಕೈಗೆ, ಕಿಟಕಿಯ ಗಾಜಿಗೆ ಹಹಹ ಎಂದು ಊದಿದರು. ಮನೆಮಾತು ತಪ್ಪು ಎನ್ನದೆ ಪುಸ್ತಕದ ಮಾತನ್ನು ಪಕ್ಕದಲ್ಲಿ ತಂದು ಕೂರಿಸಬಹುದು. ಎರಡಕ್ಕೂ ಜಾಗ ಇದೆ.

ಅವತ್ತಿನಿಂದ ನನ್ನ ಪಾಠ ಮಾಡುವ ರೀತಿಯಲ್ಲಿ ಒಂದು ಬದಲಾವಣೆ ಆಯಿತು. ಮಗು ‘ತಪ್ಪು’ ಉತ್ತರ ಕೊಟ್ಟಾಗ, ಇದು ಯಾವ ಪ್ರಶ್ನೆಗೆ ಸರಿಯುತ್ತರ ಎಂದು ಮೊದಲು ಹುಡುಕುತ್ತೇನೆ. ಹುಡುಕಲು ಪುರುಸೊತ್ತು ಬೇಕು. ಪುರುಸೊತ್ತು ಬೇಕಾದರೆ ನಾನು ಬಾಯಿ ಮುಚ್ಚಿಕೊಂಡು ಇರುವುದನ್ನು ಕಲಿಯಬೇಕು. ಟೀಚರಾದವಳಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ.

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿದರೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡ್. ಅಷ್ಟರಲ್ಲಿ ತಾವೇ ಉತ್ತರ ಹೇಳುತ್ತಿದ್ದರು, ಇಲ್ಲವೇ ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು. ಕಾಯುವುದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸುವ ಮಕ್ಕಳು ಹೆಚ್ಚಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. 3 ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಇಪ್ಪತ್ತಮೂರು ಮಕ್ಕಳ ಮುಂದೆ ನಿಂತು ಕಾದು ನೋಡಿ. ನನಗೆ ಮೊದಮೊದಲು ಆಗುತ್ತಲೇ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ನಿಧಾನವಾಗಿ ಮೂರು ಸುತ್ತು ಸುತ್ತುವುದು ರೂಢಿ ಮಾಡಿಕೊಂಡೆ. ಸುತ್ತು ಮುಗಿಯುವವರೆಗೆ ಮಾತಿಲ್ಲ. ಹಿಂದಿನ ಸಾಲಿನಲ್ಲಿ ಕೂತು ವರ್ಷಗಟ್ಟಲೆ ‘ಪೆದ್ದು’ ಅನ್ನಿಸಿಕೊಳ್ಳುವ ಮಕ್ಕಳಲ್ಲಿ ಎಷ್ಟೋ ಮಂದಿ ಮೂರನೆಯ ಸುತ್ತಿನಲ್ಲಿ ಉತ್ತರಿಸುವವರು.

ಕಾಯುವುದೆಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ. ಇದನ್ನು ಇನ್ನೊಬ್ಬ ಹುಡುಗಿಯಿಂದ ಕಲಿತೆ, ತಡವಾಗಿ ಕಲಿತೆ.

ಅವಳ ಬಗ್ಗೆ ತಾಯಿ ಜೂನಿನಲ್ಲೇ ಹೇಳಿದ್ದರು: “ಇವ್ಳು ಮಾತೇ ಕೇಳಲ್ಲ ಮಿಸ್. ನೀವೇ ಒಂಚೂರು ಬುದ್ಧಿ ಹೇಳಿ.” ನಾನೂ ಹಾಗೇ ತಿಳಿದೆ. ಕರೆದರೆ ತಿರುಗುವುದಿಲ್ಲ, ಕತೆ ಹೇಳುವಾಗ ಎದ್ದು ಹೋಗುತ್ತಾಳೆ, ಹಾಡಿನ ಕುಣಿತದಲ್ಲಿ ಮಾತ್ರ ಬೇರೆಯವರನ್ನು ನೋಡಿ ನೋಡಿ ಒಂದು ಗಳಿಗೆ ತಡವಾಗಿ ಕೈ ಎತ್ತುತ್ತಾಳೆ. ಹಟದ ಮಗು, ಹೊಂದಿಕೊಳ್ಳಲು ಸಮಯ ಕೊಡೋಣ ಅಂದುಕೊಂಡು ಮೂರು ತಿಂಗಳು ಕೊಟ್ಟೆ. ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆಗಳ ಅಟ್ಟಿಯೇ ಜಾರಿ ಬಿತ್ತು. ಕೊಠಡಿಯ ಮಕ್ಕಳೆಲ್ಲ ಬೆಚ್ಚಿಬಿದ್ದರು. ಅವಳು ನಿಧಾನಕ್ಕೆ, ಉಳಿದವರ ಮುಖ ನೋಡಿದ ಮೇಲೆ ತಿರುಗಿದಳು.

ಮಾತು ಕೇಳಲ್ಲ. ಈ ಎರಡು ಪದಕ್ಕೆ ಇನ್ನೊಂದು ಅರ್ಥ ಇದೆ ಎಂದು ತಾಯಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ನಾನು ಹುಟ್ಟಿದ ಊರು ಅದು, ಬಸ್ಸಿನಲ್ಲಿ ಕೂತು ಅದರ ಗೇಟನ್ನು ನೂರು ಸಲ ದಾಟಿದ್ದೇನೆ. ತಾಯಿಯ ಜೊತೆ ನಾನೂ ಹೋದೆ. ಅಲ್ಲಿ ಪುಟ್ಟ ಮಕ್ಕಳ ಕಿವಿ ಪರೀಕ್ಷಿಸುವ ಒಂದು ಕ್ರಮ ನೋಡಿದೆ. ಮಗುವಿನ ಕೈಗೆ ಒಂದು ಬ್ಲಾಕ್ ಕೊಟ್ಟು, ಸದ್ದು ಕೇಳಿದಾಗ ಡಬ್ಬಿಗೆ ಹಾಕು ಎನ್ನುತ್ತಾರೆ. ಸದ್ದು ಸಣ್ಣದಾಗುತ್ತ ಹೋಗುತ್ತದೆ. ಕೇಳಿಸುತ್ತಾ, ಇಲ್ಲವಾ ಎಂದು ಯಾರೂ ಗದರಿಸಿ ಕೇಳುವುದಿಲ್ಲ, ಆಟವೇ ಎಲ್ಲವನ್ನೂ ಹೇಳಿಬಿಡುತ್ತದೆ. ಪದೇ ಪದೇ ನೆಗಡಿಯಾಗಿ ಅವಳ ಎರಡೂ ಕಿವಿಗಳ ಪರದೆಯ ಹಿಂದೆ ನೀರು ತುಂಬಿಕೊಂಡಿತ್ತು. ಚಿಕಿತ್ಸೆ ಆಯಿತು. ಸಂಕ್ರಾಂತಿಯ ಹೊತ್ತಿಗೆ ಕತೆಯ ನಡುವೆ ನನ್ನನ್ನೇ ತಡೆದು ಪ್ರಶ್ನೆ ಕೇಳುವವಳಾದಳು. ಆದರೆ ಅವಳ ಮೂರು ತಿಂಗಳನ್ನು ನಾನು ತಿರುಗಿ ಕೊಡಲಾರೆ. ಈಗ ಜೂನ್ ತಿಂಗಳಲ್ಲೇ ಪ್ರತಿ ಮಗುವಿನ ಹೆಸರನ್ನು ಒಮ್ಮೆ ಅದರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆಯುತ್ತೇನೆ. ತಿರುಗದ ಮಗುವಿಗೆ ಮಾರನೆಯ ದಿನ ಮತ್ತೆ. ಆಗಲೂ ತಿರುಗದಿದ್ದರೆ ಪರೀಕ್ಷೆ ಮಾಡಿಸಿ ಎಂದು ಪೋಷಕರಿಗೆ ಹೇಳುತ್ತೇನೆ. ಪುಟ್ಟ ಮಕ್ಕಳಿಗೆ ಪಾಠ ಮಾಡುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇದೊಂದನ್ನು ಮಾಡಿ.

ಖಾಸಗಿ ನರ್ಸರಿಯ ಆ ಆರು ವರ್ಷಗಳ ವಿಷಯ ಬರೆಯಲು ಇವತ್ತಿಗೂ ಕಷ್ಟವಾಗುತ್ತದೆ. ಮೂರೂವರೆ ವರ್ಷದ ಮಕ್ಕಳಿಗೆ ಅಲ್ಲಿ ನಾಲ್ಕು ಗೆರೆಯ ಪುಸ್ತಕ. ದಿನಕ್ಕೆ ಎರಡು ಪುಟ, ಮನೆಗೆ ಒಂದು ಪುಟ. ಗೆರೆ ದಾಟಿದರೆ ಅಳಿಸಬೇಕು. ಒಬ್ಬ ಹುಡುಗ ಅಳಿಸಿ ಅಳಿಸಿ ಹಾಳೆ ಹರಿದು, ಹರಿದದ್ದನ್ನು ನೋಡಿ ಅಳುತ್ತ ಚಡ್ಡಿ ಒದ್ದೆ ಮಾಡಿಕೊಂಡ. ಆ ಪುಟದ ಮೇಲೆ ಕೆಂಪು ಇಂಕಿನ ಗುರುತು ಹಾಕಿದವಳು ನಾನೇ. ಪೋಷಕರಿಗೆ ತೋರಿಸಲು ಪುಟ ತುಂಬಿರಬೇಕಿತ್ತು.

ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆತ್ತಗಿನ ಮೃದ್ವಸ್ಥಿ. ಆಮೇಲೆ ಒಂದೊಂದಾಗಿ ಗಟ್ಟಿಯಾಗುತ್ತ, ಕೊನೆಯದು ಗಟ್ಟಿಯಾಗಲು ಶುರುವಾಗುವ ಹೊತ್ತಿಗೆ ಮಗುವಿಗೆ 8 ವರ್ಷವೋ ಅದಕ್ಕೂ ಹೆಚ್ಚೋ ಆಗಿರುತ್ತದೆ. ಇದು ಗೊತ್ತಾದ ದಿನ ಆ ಹರಿದ ಹಾಳೆ ನೆನಪಾಯಿತು. ಪೆನ್ಸಿಲ್ ಹಿಡಿಯುವ ಮುಂಚೆ ಕೈಗೆ ಮಾಡಲು ಬೇಕಾದಷ್ಟು ಕೆಲಸ ಇದೆ, ಅದೂ ಈ ಊರಿನಲ್ಲಿ. ಅವರೆಕಾಯಿ ಕಾಲ ಬಂದರೆ ನಮ್ಮ ತರಗತಿಯಲ್ಲಿ ಕಾಯಿ ಸುಲಿಯುವುದು, ಕಾಳು ಹಿಸುಕುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಹಿತಕಬೇಳೆ ಹಾರಿಸುವ ಆ ಹಿಡಿತವೇ ಮುಂದೆ ಪೆನ್ಸಿಲಿನ ಹಿಡಿತ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಗೋಧಿ ಹಿಟ್ಟು ನಾದುವುದು, ದೊಡ್ಡ ಸೂಜಿಯಲ್ಲಿ ಕನಕಾಂಬರ ಪೋಣಿಸುವುದು. ಮೊದಲ ಬರವಣಿಗೆ ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ, ಬೆರಳಿನಿಂದ. ಹಿಂದಿನ ಕಾಲದ ಹಳ್ಳಿ ಶಾಲೆಗಳಾದ ಕೂಲಿಮಠಗಳಲ್ಲಿ ಮಾಡುತ್ತಿದ್ದದ್ದೂ ಇದೇ. ಮರಳಿನಲ್ಲಿ ತಪ್ಪಾದರೆ ಅಂಗೈ ಆಡಿಸಿದರೆ ಸಾಕು, ಏನೂ ಹರಿಯುವುದಿಲ್ಲ.

ಪೋಷಕರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. “ನಿಮ್ ಶಾಲೇಲಿ ಬರೀ ಅವರೆಕಾಯಿ ಸುಲಿಸ್ತಾರಂತೆ” ಎಂದು ಒಬ್ಬ ತಂದೆ ಗೇಟಿನಲ್ಲೇ ಜಗಳಕ್ಕೆ ನಿಂತರು. ಅವರ ಆತಂಕ ಸುಳ್ಳಲ್ಲ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಮಗಳನ್ನು ಓದಿಸುವವರಿಗೆ ತುಂಬಿದ ಪುಟವೊಂದು ಭರವಸೆ. ಅವರನ್ನು ಒಳಗೆ ಕರೆದು ಅರ್ಧ ದಿನ ಕೂರಿಸಿಕೊಂಡೆ. ಮಗಳು ಮರಳಿನಲ್ಲಿ ‘ರ’ ಬರೆದು, ಪಕ್ಕದಲ್ಲಿ ‘ಸ’ ಬರೆದು, ಬಲದಿಂದ ‘ಸರ’ ಎಂದು ಓದಿ, ತಾನೇ ನಕ್ಕು, ತಿದ್ದಿಕೊಂಡು ಎಡದಿಂದ ‘ರಸ’ ಎಂದಳು. ಆಲೆಮನೆಯ ಕಬ್ಬಿನ ರಸ. ಅವರು ಏನೂ ಹೇಳದೆ ಎದ್ದು ಹೋದರು. ಮಾರನೆಯ ದಿನ ಒಂದು ಚೀಲ ಅವರೆಕಾಯಿ ಬಂತು.

ಅ ಆ ಇ ಈ ಬಿಟ್ಟು ‘ರ’ದಿಂದ ಯಾಕೆ ಎಂದು ಹಲವರು ಕೇಳುತ್ತಾರೆ. ನಮ್ಮ ವರ್ಣಮಾಲೆ ಸದ್ದು ಹುಟ್ಟುವ ಜಾಗದ ಪ್ರಕಾರ ಜೋಡಿಸಿದ್ದು, ಬಹಳ ಚೆಂದದ ಜೋಡಣೆ. ಆದರೆ ಮಗುವಿಗೆ ಅದು ಋ, ಙ, ಞ ಎಲ್ಲ ದಾಟಿಸಿದ ಮೇಲಷ್ಟೇ ಒಂದು ಮಾತನ್ನು ಕೈಗೆ ಕೊಡುತ್ತದೆ. ಸರ್ಕಾರಿ ಶಾಲೆಗಳಲ್ಲಿ ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು. ಐದು ಅಕ್ಷರ ಬಂದ ದಿನವೇ ಸರ, ದರ, ಅರಸ, ಗರಗಸ ಓದಬಹುದು. ಬಡಗಿಯ ಮಗನಿಗೆ ‘ಗರಗಸ’ ಓದಿದ ದಿನ ಎಂಥ ದಿನ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ನಲಿ-ಕಲಿ ಹುಟ್ಟಿದ್ದು ಇಲ್ಲೇ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ, ಯುನಿಸೆಫ್ ನೆರವಿನಲ್ಲಿ, ಕಾರ್ಡು ಬರೆದು, ಹಾಡು ಕಟ್ಟಿ ಅದನ್ನು ರೂಪಿಸಿದರು. ನಮ್ಮ ಶಾಲೆಯ ಪಕ್ಕದ ಕೊಠಡಿಯಲ್ಲಿ ನಲಿ-ಕಲಿ ನಡೆಸುವ ಹಿರಿಯ ಮೇಡಂ ನನಗೆ ಗುರು. ಅಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮುಂದಿನವಕ್ಕೆ ಗೆಳೆಯರ ಸಹಾಯ, ಕೊನೆಗೆ ತಾನೇ ಕಲಿಯುವ ತಟ್ಟೆ. ಗೋಡೆಯ ಕೆಳಭಾಗದಲ್ಲಿ ಪ್ರತಿ ಮಗುವಿಗೂ ತನ್ನದೇ ಕಪ್ಪು ಹಲಗೆ, ತಲೆಯ ಮೇಲೆ ಮಕ್ಕಳ ಕೆಲಸವನ್ನು ದಾರಕ್ಕೆ ತೂಗುಹಾಕಿದ ಚಪ್ಪರ. ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಮನೋವಿಜ್ಞಾನಿಗಳು 1976ರಲ್ಲಿ ಇಂಥ ಸಹಾಯಕ್ಕೆ, ಗೋಡೆ ಏಳುವಾಗ ಗಾರೆ ಕೆಲಸದವರು ನಿಲ್ಲಲು ಕಟ್ಟಿಕೊಳ್ಳುವ ‘ಸಾರುವೆ’ಯ ಹೆಸರಿಟ್ಟರು. ನಮ್ಮ ಮಕ್ಕಳ ಅಪ್ಪಂದಿರಲ್ಲಿ ಗಾರೆ ಕೆಲಸದವರು ಹಲವರು, ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಡೆ ಎದ್ದ ಹಾಗೆ ಸಾರುವೆ ಬಿಚ್ಚಬೇಕು. ನನ್ನಂಥವರು ಕಟ್ಟುವುದನ್ನು ಬೇಗ ಕಲಿಯುತ್ತೇವೆ, ಬಿಚ್ಚಲು ಮನಸ್ಸು ಬರುವುದಿಲ್ಲ. ಮಗು ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಒದ್ದಾಡುವಾಗ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ.

ಲೆಕ್ಕಕ್ಕೆ ಆಯಮ್ಮ ತಮ್ಮ ಅತ್ತೆಯ ಕಾಲದ ಅಳಗುಳಿ ಮಣೆ ತಂದುಕೊಟ್ಟರು. ಎರಡು ಸಾಲಿನಲ್ಲಿ ಏಳೇಳು ಗುಳಿ, ಜೊತೆಗೆ ಒಂದು ಪೊಟ್ಟಣ ಹುಣಸೆಬೀಜ. ಐವತ್ತರವರೆಗೆ ಗಟಗಟ ಒಪ್ಪಿಸುವ ಹುಡುಗನಿಗೆ “ಐದು ಬೀಜ ಕೊಡಪ್ಪ” ಅಂದರೆ ಒಂದು ಹಿಡಿ ಕೊಡುತ್ತಿದ್ದ. ಒಪ್ಪಿಸುವುದು ಹಾಡು, ಎಣಿಸುವುದು ಬೇರೆ. ಒಂದು ಬೀಜಕ್ಕೆ ಒಂದೇ ಎಣಿಕೆ, ಕೊನೆಯಲ್ಲಿ ಹೇಳಿದ್ದೇ ಒಟ್ಟು ಎಂಬುದು ಮಗುವಿಗೆ ತಾನಾಗಿ ಬರುವುದಿಲ್ಲ. ಗುಳಿಗೊಂದರಂತೆ ಬೀಜ ಬಿತ್ತುತ್ತ ಹೋದಾಗ ಬೆರಳು, ಬಾಯಿ, ಕಣ್ಣು ಮೂರೂ ಒಂದೇ ಲಯಕ್ಕೆ ಬರುತ್ತವೆ. ಒಂದು ತಿಂಗಳಲ್ಲಿ ಅವನು ಐದು ಅಂದರೆ ಐದು ಕೊಟ್ಟ. ಮಣೆಗೆ ಖರ್ಚಾದದ್ದು ಏನೂ ಇಲ್ಲ. ಮರಿಯಾ ಮಾಂಟೆಸ್ಸರಿಯ ದುಬಾರಿ ಸಾಮಗ್ರಿ ಕೊಳ್ಳಲಾಗದ ಬಡ ಮಕ್ಕಳಿಗಾಗಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಊರಿನ ಬೀಜ, ಕಲ್ಲು, ಎಲೆಗಳನ್ನೇ ಬಳಸಿ, ಶಾಲೆಯನ್ನೇ ಮಕ್ಕಳ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಎನ್ನುವ ಮಾತಿನಲ್ಲಿ ಆ ಅಂಗಳ ಇನ್ನೂ ಇದೆ. 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಅದು ಶುರುವಾದದ್ದು ನಮ್ಮ ಪಕ್ಕದ ತಿ. ನರಸೀಪುರದಲ್ಲಿ.

ಹಸುವಿನ ಹುಡುಗ ಈಗ ಯುಕೆಜಿ. ಮೊನ್ನೆ ಸಂಜೆ ಅವನನ್ನು ಕರೆದೊಯ್ಯಲು ಅಜ್ಜಿ ಬಂದಿದ್ದರು. ಗೇಟಿನ ಬಳಿ ಬ್ಯಾಗು ಕೆಳಗಿಟ್ಟು, ಅಜ್ಜಿಯ ಕೈ ಹಿಡಿದೆಳೆದು ಅವರ ಬಾಯಿಯ ಮುಂದೆ ಅಡ್ಡ ಹಿಡಿಸಿದ.

“ಅಜ್ಜಿ, ಹಾಲು ಅನ್ನು. ಕೈಗೆ ಗಾಳಿ ಬತ್ತದೆ.”

“ಆಲು” ಅಂದರು ಅಜ್ಜಿ.

“ಬಂತಾ?”

“ಎಲ್ ಬಂತ್ಲಾ? ನಡಿ, ಅಸ ಕರ್ಯೋ ಒತ್ತಾಯ್ತು.”

ಅವನು ಕೈ ಬಿಡಲಿಲ್ಲ. ತಿದ್ದಲೂ ಇಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ ನಿಂತ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದೆ. ಒಂದು ಸುತ್ತು, ಎರಡು ಸುತ್ತು.